ಇದು ಯಾರ ದುಡ್ಡು

ಸಾಲ ಮಂಜೂರಾಗಿದೆ ಎಂದು ಬ್ಯಾಂಕಿನಿಂದ ಫೋನ್ ಬಂದ ದಿನ ನಾನು ಮೊದಲು ಮಾಡಿದ್ದು ಒಂದು ಚೀಲ ಹೊಲಿದದ್ದು. ದಪ್ಪ ಕ್ಯಾನ್ವಾಸ್, ಎರಡು ಜಿಪ್, ಒಳಗೊಂದು ಕಳ್ಳಜೇಬು. ಅಷ್ಟು ದುಡ್ಡನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಲಾದೀತೇ?

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಂತೆ," ಎಂದು ನಮ್ಮವರು ನಕ್ಕರು.

"ಹೊಲಿಯೋದೇ ನನ್ನ ಕಸುಬು, ಸುಮ್ನಿರಿ," ಎಂದೆ.

ನಿಜ ಹೇಳಬೇಕೆಂದರೆ ಸಾಲ ಸಿಗುತ್ತದೆಂಬ ನಂಬಿಕೆ ನನಗೇ ಇರಲಿಲ್ಲ. ಆಸ್ಪತ್ರೆಯೊಂದರಿಂದ ನಾನೂರು ಕೋಟುಗಳ ಆರ್ಡರ್ ಬಂದಿತ್ತು. ನನ್ನ ಹತ್ತಿರವಿದ್ದದ್ದು ಒಂದೇ ಮೆಷಿನ್, ಅದೂ ದಿನವಿಡೀ ಗೊಣಗುವಂಥದ್ದು. ಇನ್ನೆರಡು ಮೆಷಿನ್ ಬಾರದಿದ್ದರೆ ಆರ್ಡರ್ ಕೈತಪ್ಪುತ್ತಿತ್ತು. ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿದ್ದ ಅಂಗಡಿಗೆ ಬೀಗ ಬೀಳುತ್ತಿತ್ತು. ಅಡ ಇಡೋಣವೆಂದರೆ ಚಿನ್ನವಿಲ್ಲ, ಸ್ವಂತ ಮನೆಯಿಲ್ಲ. ಅದು ಸಾಲದೆಂಬಂತೆ, ಅಂಗಡಿ ನೋಡಲು ಬಂದ ಬ್ಯಾಂಕಿನ ಅಧಿಕಾರಿಯನ್ನು ನಾನು ಬೈದುಬಿಟ್ಟಿದ್ದೆ.

ಬೈದದ್ದು ಗೊತ್ತಿಲ್ಲದೆ. ಅಂದು ಗಿರಾಕಿಯೊಬ್ಬರ ಜಾಕೆಟ್ಟಿನ ಒಳಪದರದ ಹೊಲಿಗೆ ಒಂದು ಎಳೆಯಷ್ಟು ಓರೆಯಾಗಿತ್ತು. ಅದನ್ನು ಬಿಚ್ಚುತ್ತಾ ಕೂತಿದ್ದೆ. ದಪ್ಪ ಕನ್ನಡಕದವರೊಬ್ಬರು ಒಳಬಂದವರೇ ಸೀದಾ ಸ್ಟೂಲಿನ ಮೇಲೆ, ನಾನು ಕತ್ತರಿಸಿಟ್ಟಿದ್ದ ಬಟ್ಟೆಯ ಮೇಲೇ ಕೂತರು.

"ಏಳ್ರೀ ಮೇಲೆ! ಕಣ್ಣೇನು ಜೇಬಲ್ಲಿ ಇಟ್ಕೊಂಡಿದ್ದೀರಾ?"

ಅವರು ಗಾಬರಿಯಿಂದ ಎದ್ದರು. ನನ್ನ ಕೈಯಲ್ಲಿದ್ದ ಜಾಕೆಟ್ಟನ್ನು ನೋಡುತ್ತಾ, "ಒಳಗಿನ ಹೊಲಿಗೆ ತಾನೇ ಅದು? ಯಾರಿಗೆ ಕಾಣುತ್ತೆ?" ಎಂದರು.

"ನನಗೆ ಕಾಣುತ್ತಲ್ಲ!"

ಆಮೇಲೆ ಅವರು ತಾನು ಬ್ಯಾಂಕಿನವನು ಎಂದಾಗ, ಕೈಯಲ್ಲಿದ್ದ ಕತ್ತರಿಯಿಂದ ನನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳೋಣವೆನಿಸಿತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಬರುವುದು ಹೊಲಿಗೆ ಮಾತ್ರ.

ಇಷ್ಟಾದರೂ ಸಾಲ ಮಂಜೂರಾಗಿತ್ತು. ಚೀಲ ಹೆಗಲಿಗೇರಿಸಿ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಮೇಡಂ ನಾಲ್ಕು ಕಡೆ ಸಹಿ ಹಾಕಿಸಿಕೊಂಡರು, ಕಂಪ್ಯೂಟರಿನಲ್ಲಿ ಏನೋ ಒತ್ತಿದರು. "ಆಯ್ತಮ್ಮಾ. ನಿಮ್ಮ ಖಾತೆಗೆ ಬಂತು. ಮೆಷಿನ್ ಅಂಗಡಿಯವರಿಗೆ ಇಲ್ಲಿಂದಲೇ ಕಳಿಸಿಬಿಡೋಣ."

ಚೀಲವನ್ನು ಮೆಲ್ಲಗೆ ಮಡಿಚಿ ತೊಡೆಯ ಕೆಳಗೆ ಸೇರಿಸಿದೆ. ಆದರೆ ಒಂದು ಮಾತು ಕೇಳದೆ ಏಳಲು ಮನಸ್ಸು ಬರಲಿಲ್ಲ.

"ಮೇಡಂ, ಇದು ಯಾರ ದುಡ್ಡು? ಯಾರೋ ಪುಣ್ಯಾತ್ಮರು ಇಟ್ಟಿದ್ದನ್ನ ತಾನೇ ನನಗೆ ಕೊಟ್ಟಿದ್ದು? ಅವರಿಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು."

ಅವರು ಪೆನ್ನು ಕೆಳಗಿಟ್ಟರು. "ಯಾರ ಖಾತೆಯಿಂದಲೂ ತೆಗೆದಿಲ್ಲಮ್ಮ. ಸಾಲ ಕೊಟ್ಟಾಗಲೇ ಈ ದುಡ್ಡು ಹುಟ್ಟಿತು. ನೀವು ತೀರಿಸ್ತಾ ಹೋದ ಹಾಗೆ ಕರಗುತ್ತೆ."

"ಹುಟ್ಟಿಸೋದು ಅಷ್ಟು ಸುಲಭವಾದ್ರೆ ಊರಿಗೆಲ್ಲಾ ಹಂಚಬಹುದಲ್ಲ?"

"ಎಲ್ಲಿ ಹಂಚ್ತೀರಾ! ಈಗ ಮೆಷಿನ್ ಅಂಗಡಿಯವರದ್ದು ಬೇರೆ ಬ್ಯಾಂಕು. ಆ ಬ್ಯಾಂಕಿಗೆ ನಾವು ನಿಜವಾಗಿಯೂ ದುಡ್ಡು ಸಲ್ಲಿಸಬೇಕು. ಅದಕ್ಕೆ ಜನ ಇಟ್ಟಿರೋ ಠೇವಣಿ ಬೇಕೇ ಬೇಕು. ನಾಳೆ ನೀವು ಕೈ ಎತ್ತಿದ್ರೆ ನಷ್ಟ ನಮ್ಮ ತಲೆ ಮೇಲೆ. ಎಷ್ಟು ಕೊಡಬಹುದು ಅನ್ನೋದಕ್ಕೆ ಮೇಲಿನಿಂದ ಕಟ್ಟುಪಾಡೂ ಇದೆ. ಕೊನೆಗೆ ಎಲ್ಲಾ ನಿಂತಿರೋದು ಈ ಮನುಷ್ಯ ತೀರಿಸ್ತಾನೆ ಅನ್ನೋ ನಂಬಿಕೆ ಮೇಲೆ."

ಅರ್ಧ ಅರ್ಥವಾಯಿತು. ನಂಬಿದವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ. ಕೇಳೋಣವೆಂದರೆ ಹಿಂದೆ ಸಾಲು ಬೆಳೆದಿತ್ತು.

ಮೆಷಿನ್‌ಗಳು ಬಂದವು. ಕೋಟುಗಳು ಹೊತ್ತಿಗೆ ಸರಿಯಾಗಿ ಹೋದವು, ಇನ್ನಷ್ಟು ಆರ್ಡರ್‌ಗಳು ಬಂದವು, ಅಂಗಡಿಯ ಬಾಗಿಲು ತೆರೆದೇ ಉಳಿಯಿತು. ಕ್ಯಾನ್ವಾಸ್ ಚೀಲದಲ್ಲಿ ನಮ್ಮವರು ತರಕಾರಿ ತರುತ್ತಾರೆ, ಕಳ್ಳಜೇಬಿನಲ್ಲಿ ಕೊತ್ತಂಬರಿ ಸೊಪ್ಪು.

ಮೂರು ವರ್ಷಕ್ಕೆ ಕೊನೆಯ ಕಂತು ಕಟ್ಟಿದೆ. ಅದೇ ಮೇಡಂ ಕಂಪ್ಯೂಟರಿನಲ್ಲಿ ಒತ್ತಿದರು. "ತೀರಿತು. ಅವತ್ತು ಹುಟ್ಟಿದ ದುಡ್ಡು ಇವತ್ತು ಪೂರಾ ಕರಗಿತು."

"ಮೆಷಿನ್‌ಗಳು?"

"ಅವು ಕರಗಲ್ಲ, ನಿಮ್ಮವೇ!" ಎಂದು ನಕ್ಕರು.

ನನ್ನ ಕಾಗದಗಳನ್ನು ಹಿಂದಿರುಗಿಸಲು ಫೈಲು ಬಿಚ್ಚಿದವರು ಒಂದು ಹಾಳೆಯ ಹತ್ತಿರ ನಿಂತರು. "ಯಾರ ದುಡ್ಡು ಅಂತ ಕೇಳಿದ್ರಲ್ಲ ಅವತ್ತು? ಇದನ್ನ ಕೊಡೋಕಾಗಲ್ಲ, ಓದ್ಕೊಳ್ಳಿ." ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಅಂಗಡಿ ನೋಡಿ ಹೋದ ದಿನದ ವರದಿ ಅದು. ಅಡಮಾನ ಎಂಬಲ್ಲಿ 'ಇಲ್ಲ' ಎಂದಿತ್ತು. ಕೆಳಗೆ ಗುಂಡು ಅಕ್ಷರಗಳಲ್ಲಿ ಬರೆದಿತ್ತು: "ಯಾರಿಗೂ ಕಾಣದ ಓರೆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರು. ಬಾಯಿ ಜೋರು. ಸಾಲ ಕೊಡಬಹುದು."

ಅಕ್ಷರಗಳು ಮಸುಕಾದವು. ನಂಬಿದವರು ಯಾರೆಂದು ತಿಳಿಯದೆ ಮೂರು ವರ್ಷ ನಾನು ಹಾದಿಬೀದಿಯ ಅಪರಿಚಿತರಿಗೆಲ್ಲ ಮನಸ್ಸಿನಲ್ಲೇ ಕೃತಜ್ಞತೆ ಹೇಳುತ್ತಿದ್ದೆ. ನನ್ನಿಂದ ಬೈಸಿಕೊಂಡವರೇ ನನ್ನನ್ನು ನಂಬಿದ್ದರು.

"ಇದ್ದಾರಾ ಅವರು?"

ಮೇಡಂ ಮೂಲೆಯ ಮೇಜು ತೋರಿಸಿದರು. ಅದೇ ದಪ್ಪ ಕನ್ನಡಕ. ತಲೆ ಮಾತ್ರ ಇನ್ನಷ್ಟು ಬೆಳ್ಳಗಾಗಿತ್ತು. ಹೋಗಿ ಮುಂದೆ ನಿಂತೆ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು.

ಅವರು ತಲೆಯೆತ್ತಿ ನೋಡಿದವರೇ ಗುರುತು ಹಿಡಿದು, ದಡಕ್ಕನೆ ಎದ್ದು ಕುರ್ಚಿಯತ್ತ ತಿರುಗಿದರು. "ಮತ್ತೆ ಯಾವುದ್ರ ಮೇಲಾದ್ರೂ ಕೂತಿದ್ನೇನಮ್ಮಾ?"

ನಗು, ಅಳು ಒಟ್ಟಿಗೇ ಬಂದವು. "ಕೂತ್ಕೊಳ್ಳಿ ಸಾರ್," ಎಂದು ಕೈ ಮುಗಿದೆ. "ನಮ್ಮ ಅಂಗಡಿಗೆ ಬನ್ನಿ. ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ."