ಬೇವಿನ ಟೊಂಗೆಗೆ ಎಷ್ಟು ದೊಡ್ಡ ಮಷೀನು ಬೇಕು?

ಗುಳೇದಗುಡ್ಡದ ಒಂದು ನೇಕಾರ ಓಣಿಯಲ್ಲಿ ಶಂಕರಲಿಂಗನ ಮನೆ. ಹಿತ್ತಲಿನಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ತಗಡು ಹೊದಿಸಿದ ಮಗ್ಗದ ಕೋಣೆ. ಅಲ್ಲಿ ಕೂತು ತಮ್ಮ ಮುತ್ತುರಾಜ ಕುಪ್ಪಸದ ಖಣ ನೇಯುತ್ತಾನೆ. ನೇಯ್ದದ್ದನ್ನು ಅಣ್ಣ ಶಂಕರಲಿಂಗ ಇಳಕಲ್ಲು, ಹುನಗುಂದದ ಅಂಗಡಿಗಳಿಗೆ ಒಯ್ದು ಮಾರುತ್ತಾನೆ. ತಮ್ಮನದು ಕೈ, ಅಣ್ಣನದು ಬಾಯಿ. ಆ ಮನೆ ನಡೆಯುತ್ತಿದ್ದದ್ದೇ ಹಾಗೆ.

ಗಾಳಿ ಬಿಟ್ಟರೆ ಸಾಕು, ಬೇವಿನ ಟೊಂಗೆ ತಗಡಿಗೆ ಬಡಿಯುತ್ತಿತ್ತು. ತಗಡು ಸಡಿಲಾಗಿ ಮಳೆನೀರು ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ವರ್ಷಕ್ಕೆ ಎರಡು ಸಲ ಟೊಂಗೆ ಸವರಿಸಲೇಬೇಕು. ಕಡಿಯುವ ಆಳನ್ನು ಕರೆದರೆ "ನಾಳೆ ಬರ್ತೇನ್ರಿ" ಅನ್ನುತ್ತಿದ್ದ. ಆ ನಾಳೆ ಬರಲು ಹದಿನೈದು ದಿನ ಬೇಕು. ನಿಮ್ಮ ಓಣಿಯಲ್ಲೂ ಅಂಥ ಆಳು ಇದ್ದೇ ಇರುತ್ತಾನೆ.

ಕಾದು ಕಾದು ಬೇಸತ್ತ ಶಂಕರಲಿಂಗ ಮರ ಕೊಯ್ಯುವ ಚೈನು ಮಷೀನು ಕೊಳ್ಳಬೇಕೆಂದು ನಿಶ್ಚಯಿಸಿದ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪು, ಎಂಜಿನ್ನು ರಿಪೇರಿ ಮಾಡುವ ಚಮನಸಾಬನ ಅಂಗಡಿಗೆ ಹೋದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಸಲಹೆ ಕೇಳಲು ಹೋದನೆಂದು ನೀವು ತಿಳಿಯಬೇಡಿ. "ಭೇಷ್" ಅನ್ನಿಸಿಕೊಳ್ಳಲು ಹೋಗಿದ್ದ.

"ಲೇ ಚಮನ್ಯಾ, ನೋಡಿಲ್ಲಿ," ಎಂದು ಫೋನಿನಲ್ಲಿ ಚಿತ್ರ ತೋರಿಸಿದ. "ಇಪ್ಪತ್ತೆರಡು ಇಂಚಿನ ಪಟ್ಟಿ. ಪೆಟ್ರೋಲ್ ಎಂಜಿನ್ನು. ಹೆಂಗೈತಿ?"

ಚಮನಸಾಬ ಕೈಯ ಗ್ರೀಸು ಒರೆಸಿಕೊಂಡ. "ಅಡವಿ ಗುತ್ತಿಗಿ ಹಿಡಿದೀ ಏನು?"

"ಚೇಷ್ಟಿ ಮಾಡಬ್ಯಾಡ. ನಮ್ಮ ಬೇವಿನ ಗಿಡಕ್ಕ."

"ಹಂಗಾರ ಮೂರು ಮಾತು ಕೇಳತೇನಿ, ಹೇಳು. ವರ್ಷಕ್ಕ ಎಷ್ಟು ಸಲ ಕೊಯ್ತಿ?"

"ಎರಡು ಸಲ."

"ಟೊಂಗಿ ಎಷ್ಟು ದಪ್ಪ?"

ಶಂಕರಲಿಂಗ ತನ್ನ ಮುಂಗೈ ತೋರಿಸಿದ.

"ಅದನ್ನ ಹಿಡಿದು ಕೊಯ್ಯಾಂವ ಯಾರು?"

ಶಂಕರಲಿಂಗ ಫೋನನ್ನು ಜೇಬಿಗೆ ಇಳಿಸಿದ. "ಹಿಡಿಯಾಕ ಮಂದಿ ಸಿಗಂಗಿಲ್ಲೇನು!" ಎಂದು ನಕ್ಕ. ಆ ನಗುವನ್ನು ಅವನು ಇವತ್ತಿಗೂ ಮರೆತಿಲ್ಲ.

ಚಮನಸಾಬ ನಗಲಿಲ್ಲ. "ಶಂಕ್ರ್ಯಾ, ಖರೆ ಹೇಳತೇನಿ ಕೇಳು. ಮುಂಗೈ ದಪ್ಪದ ಟೊಂಗಿಗೆ ಚೈನು ತಿರುಗೋ ಪಟ್ಟಿ ಹನ್ನೆರಡು ಇಂಚು ಇದ್ರ ಭಾಳಾತು. ಕರೆಂಟಿಂದು ಇಲ್ಲಾ ಬ್ಯಾಟರಿದು ತಗೋ. ಹಗುರ ಇರತೈತಿ, ಬಟನ್ ಬಿಟ್ರ ನಿಂದ್ರತೈತಿ. ಪೆಟ್ರೋಲಿಂದು ವರ್ಷಕ್ಕ ಎರಡು ಸಲ ತೆಗೆದ್ರ ಒಳಗಿನ ಎಣ್ಣಿ ಕೆಟ್ಟು ಜಿಗಟ ಆಗತೈತಿ, ಆಮ್ಯಾಲ ನನ್ನ ಅಂಗಡಿಗೇ ಹೊತ್ಕೊಂಡು ಬರ್ತಿ. ಮತ್ತ, ಮುಂದಿನ ಹಿಡಿಕಿ ಎದುರಿಗೆ ಕೈಗೆ ಅಡ್ಡ ಒಂದು ತಡಿ ಇರತೈತಿ. ಅದು ಬ್ರೇಕು. ಮಷೀನು ಮುಖದ ಕಡಿ ಜಿಗಿದ್ರ ನಿನ್ನ ಕೈ ಬಡಿದು ಅದು ಮುಂದ ಬಾಗತೈತಿ, ಚೈನು ಗಕ್ಕನ ನಿಂದ್ರತೈತಿ. ಆ ಬ್ರೇಕ್ ಇಲ್ಲದ್ದು ಪುಕ್ಕಟೆ ಕೊಟ್ರೂ ತರಬ್ಯಾಡ."

"ಹನ್ನೆರಡು ಇಂಚು? ಅದೇನು ಹುಡುಗ್ರು ಆಡೋ ಸಾಮಾನೇನಲೇ? ನಾಕು ಮಂದಿ ನೋಡಿದ್ರ ನಗಬಾರದು."

"ನಾಕು ಮಂದಿ ನೋಡಾಕ ಬರ್ತಾರ. ಹಿಡಿಯಾಕ ಬರಂಗಿಲ್ಲ."

ಶಂಕರಲಿಂಗ ಚಹಾ ಕುಡಿದು ಎದ್ದು ಬಂದ. ಅಂದೇ ಫೋನಿನಲ್ಲೇ ಇಪ್ಪತ್ತೆರಡು ಇಂಚಿನದಕ್ಕೆ ಆರ್ಡರ್ ಕೊಟ್ಟ.

ಮಹಾನವಮಿಗೆ ಎರಡು ದಿನ ಮುಂಚೆ ಮಷೀನು ಬಂತು. ಇಡೀ ಓಣಿ ನೋಡಿತು. ತೌಸಿಫ ಎಂಬ ನೆರೆಮನೆಯವ "ನನಗೂ ಇಂಥಾದ್ದ ಒಂದು ತರಸ್ರಿ" ಎಂದ. ಶಂಕರಲಿಂಗನ ಎದೆ ಉಬ್ಬಿತು. ಮಷೀನಿನ ಜೊತೆ ಬಂದ ಪುಸ್ತಕವನ್ನು ಯಾರೂ ಬಿಚ್ಚಲಿಲ್ಲ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಗ್ಗದ ಲಾಳಿಗಳ ಜೊತೆ ಅದನ್ನೂ ದೇವರ ಜಗಲಿಯ ಮೇಲಿಟ್ಟರು. ವಿಭೂತಿ ಹಚ್ಚಿದರು, ಚೆಂಡು ಹೂವು ಏರಿಸಿದರು. ಪೂಜೆಯ ದಾರ ಸುತ್ತಬೇಕಲ್ಲ, ಮುತ್ತುರಾಜ ತನ್ನ ಮಗ್ಗದ ರೇಷ್ಮೆ ಎಳೆಗಳನ್ನೇ ಹೊಸೆದು ಕೊಟ್ಟ. ಶಂಕರಲಿಂಗ ಅದನ್ನು ಹಿಡಿಕೆಗೂ ಅದರ ಎದುರಿನ ತಡೆಗೂ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಆ ಮನೆಯಲ್ಲಿ ಪೂಜೆಯ ದಾರ ಬಿಚ್ಚುವ ಪದ್ಧತಿ ಇಲ್ಲ. ತಾನಾಗಿ ಹರಿಯುವ ತನಕ ಇರಬೇಕು. ಭಕ್ತಿಯಿಂದ ಕಟ್ಟಿದ್ದು, ಯಾರೂ ತಪ್ಪೆನ್ನಲಿಲ್ಲ. ಬ್ರೇಕು ಕಟ್ಟಿಹೋಯಿತೆಂದು ಯಾರಿಗೂ ಹೊಳೆಯಲೂ ಇಲ್ಲ.

ದಸರೆಯ ಬನ್ನಿ ಮುಡಿದ ಮರುದಿನ ಬೆಳಿಗ್ಗೆ ಟೊಂಗೆ ಕೊಯ್ಯಲು ನಿಂತರು. ಶಂಕರಲಿಂಗ ಧೋತರದಲ್ಲೇ ಏಣಿ ಹತ್ತಿದ. ಮಷೀನು ಭಾರ, ಎಂಜಿನ್ನು ಕೈಯನ್ನೆಲ್ಲ ನಡುಗಿಸುತ್ತಿತ್ತು. ಒಂದು ಟೊಂಗೆ ಕೊಯ್ಯುವುದರೊಳಗೆ ಅವನ ರಟ್ಟೆಗಳು ಸೋತವು. ಕೆಳಗೆ ಓಣಿಯ ಮಂದಿ ನೋಡುತ್ತಿದ್ದರು. ಸಾಕಾಯಿತೆಂದು ಹೇಳಲು ನಾಚಿಕೆ.

"ಮುತ್ತಾ, ಒಂದೀಟು ನೀ ಹಿಡಿ," ಎಂದು ಇಳಿದ.

"ಅಣ್ಣಾ, ನನಗಿದು ಗೊತ್ತಿಲ್ಲೋ," ಎಂದ ಮುತ್ತುರಾಜ.

"ಮಗ್ಗದಾಗ ಸಾವಿರ ಎಳಿ ಹಿಡಿಯಾಂವ, ಇದೇನು ದೊಡ್ಡದು? ಹತ್ತು."

ಅಣ್ಣ ಹೇಳಿದ, ತಮ್ಮ ಹತ್ತಿದ. ಪಟ್ಟಿಯ ತುದಿ ಹಿಂದಿನ ಇನ್ನೊಂದು ಟೊಂಗೆಗೆ ತಾಗಿದ್ದೇ ತಡ, ಮಷೀನು ಮುಖದತ್ತ ಎಗರಿತು. ಅವನ ಎಡಗೈ ಜಾರಿ ತಡೆಗೆ ಬಡಿಯಿತು. ತಡೆ ಬಾಗಲಿಲ್ಲ. ರೇಷ್ಮೆಯ ದಾರ ಗಟ್ಟಿಯಾಗಿ ಹಿಡಿದಿತ್ತು. ಚೈನು ನಿಲ್ಲಲಿಲ್ಲ.

ಸುದ್ದಿ ಕೇಳಿ ಓಡಿಬಂದ ಚಮನಸಾಬ ತನ್ನ ಗಾಡಿಯಲ್ಲಿ ಮುತ್ತುರಾಜನನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದ. ಜೀವ ಉಳಿಯಿತು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಉಳಿಯಲಿಲ್ಲ. ಹರಿದ ಎಳೆಯನ್ನು ಕಣ್ಣುಮುಚ್ಚಿ ಹುಡುಕಿ ಗಂಟು ಹಾಕುತ್ತಿದ್ದ ಬೆರಳುಗಳು ಅವೇ.

ಮರಳಿ ಬಂದ ಮೇಲೆ ಚಮನಸಾಬ ಮಷೀನನ್ನು ತಿರುಗಿಸಿ ನೋಡಿದ. ದಾರ ಮುಟ್ಟಿ ತೋರಿಸಿದ. "ನಾ ಅವತ್ತ ಹೇಳಿದ್ದೆ" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೆ ಶಂಕರಲಿಂಗನಿಗೆ ಅವನ ಮೇಲಾದರೂ ಸಿಟ್ಟು ಮಾಡಿಕೊಳ್ಳಲು ಆಗುತ್ತಿತ್ತು.

"ಇದನ್ನ ಹಳ್ಳಕ್ಕ ಒಗದು ಬರ್ತೇನಿ," ಎಂದು ಶಂಕರಲಿಂಗ ಎದ್ದ.

ಬಾಗಿಲಲ್ಲಿ ಮುತ್ತುರಾಜನ ಹೆಂಡತಿ ಶೀಲಾ ನಿಂತಿದ್ದಳು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ತಲೆಯೆತ್ತಿ ಮಾತಾಡಿದವಳಲ್ಲ.

"ಯಾಕ ಒಗಿತೀರಿ ಭಾವಾರ?" ಎಂದಳು. "ತಂದಾಗ ಇಡೀ ಓಣಿಗೆ ತೋರಿಸಿದ್ರಿ. ಈಗೂ ತೋರಸ್ರಿ. ದಾರ ಹಂಗ ಇರಲಿ. ನಮ್ಮ ಮನ್ಯಾವರ ಕೈನೂ ತೋರಸ್ರಿ."

ಮರುದಿನ ಶಂಕರಲಿಂಗ ಆ ಮಷೀನನ್ನು ಓಣಿಯ ಕಟ್ಟೆಯ ಮೇಲಿಟ್ಟು ನಿಂತ. ಇಳಕಲ್ಲಿನ ಅಂಗಡಿಕಾರರನ್ನೇ ಮಾತಿನಲ್ಲಿ ಮಣಿಸುತ್ತಿದ್ದವ ತೊದಲುತ್ತ ಎಲ್ಲ ಹೇಳಿದ. ಚಮನಸಾಬ ಕೇಳಿದ ಮೂರು ಮಾತು, ತಾನು ನಕ್ಕದ್ದು, ದಾರ ಕಟ್ಟಿದ್ದು, ಏಣಿ ಹತ್ತಿಸಿದ್ದು.

ತೌಸಿಫ ಅಂದೇ ಚಮನಸಾಬನ ಜೊತೆ ಹೋಗಿ ಬ್ರೇಕು ಇರುವ ಹನ್ನೆರಡು ಇಂಚಿನ ಕರೆಂಟು ಮಷೀನು ತಂದ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಕೂಡ ತಂದ. ಶಂಕರಲಿಂಗನಿಗೆ ಸಂತೋಷವಾಗಲಿಲ್ಲ. ಇಷ್ಟು ಸುಲಭವಾಗಿ ಕೇಳಬಹುದಾದ ಮಾತಾಗಿತ್ತೇ ಇದು?

ಬೇವಿನ ಉಳಿದ ಟೊಂಗೆಗಳೂ ಹೋದವು. "ನಾಳೆ ಬರ್ತೇನ್ರಿ" ಅನ್ನುತ್ತಿದ್ದ ಆಳು ಬಂದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರ ಹತ್ತಿದ, ಕೈಗರಗಸದಿಂದ ಅರ್ಧ ತಾಸಿನಲ್ಲಿ ಕೊಯ್ದು ಇಳಿದ.

ಈಗ ಮಗ್ಗದ ಕೋಣೆಯಲ್ಲಿ ಇಬ್ಬರು ಕೂಡುತ್ತಾರೆ. ಎಳೆ ಹರಿದಾಗ ಮುತ್ತುರಾಜ ಮಗ್ಗ ನಿಲ್ಲಿಸಿ ಸುಮ್ಮನೆ ಕಾಯುತ್ತಾನೆ. ಪಕ್ಕದಲ್ಲಿ ಕೂತ ಶಂಕರಲಿಂಗ ಬಗ್ಗಿ ಗಂಟು ಹಾಕುತ್ತಾನೆ. ಅವನ ಗಂಟು ದಪ್ಪ, ಖಣದ ಮೇಲೆ ಎದ್ದು ಕಾಣುತ್ತದೆ. ಅಂಗಡಿಯವರು ಅದನ್ನು ಬೆರಳಿನಿಂದ ಸವರಿ ಪಕ್ಕಕ್ಕೆ ಇಡುತ್ತಾರೆ. ತಮ್ಮ ಆ ಖಣವನ್ನು ಮಡಿಚಿಟ್ಟು ಮುಂದಿನದಕ್ಕೆ ಕೂಡುತ್ತಾನೆ. ಬೈದರೆ ಚೆನ್ನಾಗಿತ್ತು ಅಂತ ಅಣ್ಣ ಕಾಯುತ್ತಲೇ ಇದ್ದಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಿತ್ತಲಲ್ಲೂ ಒಂದು ಮರ ಇದ್ದೀತು. ಮಷೀನು ಕೊಳ್ಳುವ ಮುಂಚೆ ಟೊಂಗೆಯ ದಪ್ಪ ನೋಡಿರಿ, ಓಣಿಯ ಮಂದಿಯ ಮುಖ ನೋಡಬೇಡಿರಿ. ಅಪರೂಪಕ್ಕೆ ಬಳಸುವವರಿಗೆ ಚಿಕ್ಕದು, ಹಗುರಾದದ್ದು, ಬ್ರೇಕು ಇದ್ದದ್ದು ಸಾಕು. ಚೈನು, ಬಿಡಿಭಾಗ ನಿಮ್ಮ ಊರಲ್ಲೇ ಸಿಗುವಂಥದ್ದನ್ನು ತನ್ನಿರಿ. ಪುಸ್ತಕ ಓದಿರಿ, ಓದಲು ಬಾರದಿದ್ದರೆ ಓದಿಸಿ ಕೇಳಿರಿ. ಪ್ರತಿ ಸಲ ಕೊಯ್ಯುವ ಮುಂಚೆ ಬ್ರೇಕು ಹಾಕಿ ನೋಡಿರಿ. ಪಟ್ಟಿಯ ತುದಿಯಿಂದ ಕೊಯ್ಯಬೇಡಿರಿ, ಭುಜಕ್ಕಿಂತ ಮೇಲೆ ಎತ್ತಬೇಡಿರಿ, ಏಣಿ ಹತ್ತಿ ಅಂತೂ ಬೇಡವೇ ಬೇಡ. ಎತ್ತರದ ಟೊಂಗೆಗೆ ಬಲ್ಲವರನ್ನೇ ಕರೆಯಿರಿ, ಹದಿನೈದು ದಿನ ಕಾದರೂ ಚಿಂತೆಯಿಲ್ಲ. ಪೂಜೆ ಮಾಡಿರಿ, ಆದರೆ ದಾರವನ್ನು ಮಷೀನಿನ ಪೆಟ್ಟಿಗೆಗೆ ಕಟ್ಟಿರಿ.

ಮತ್ತು ಆ ಮೂರನೆಯ ಮಾತಿಗೆ ಮನೆಯಲ್ಲೇ ಕೂತು ಉತ್ತರ ಹೇಳಿಕೊಳ್ಳಿರಿ: ಅದನ್ನು ಹಿಡಿಯುವ ಕೈ ಯಾರದು? ಆ ಕೈಯನ್ನು ಒಮ್ಮೆ ನಿಮ್ಮ ಕೈಯಲ್ಲಿ ಹಿಡಿದು ನೋಡಿರಿ. ಐದು ಬೆರಳೂ ಇರುವಾಗಲೇ ನೋಡಿರಿ.