ಇಪ್ಪತ್ತಾರು ನಿಮಿಷ

"ಇನ್ನೊಂದಿಷ್ಟು ಎತ್ರಿ, ಬೆನ್ನಿಗೆ ದಿಂಬು ಕೊಡ್ರಿ," ಎಂದು ರಾಜಶೇಖರ ಕೂಗುತ್ತಿದ್ದ. ನಾಲ್ವರು ಸೇರಿ ಅವನ ಅಣ್ಣ ಶಂಭುಲಿಂಗನ ಹೆಣವನ್ನು ಬೆಂಗೇರಿಯ ಮನೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಸತ್ತವನ ಹೆಂಡತಿ ಮುರಿಗೆವ್ವ ಜಾರಿದ ಶಲ್ಯವನ್ನು ಸರಿಮಾಡಿದಳು.

"ಸುದ್ದಿ ಎಲ್ಲಾರಿಗೂ ಮುಟ್ಟೇತೇನು?" ರಾಜಶೇಖರ ಕೇಳಿದ.

"ಮುಟ್ಟೇತ್ರಿ," ಎಂದಳು ವಾಣಿಶ್ರೀ. ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಒಂಬತ್ತು ವರ್ಷ ಶಂಭುಲಿಂಗನ ಪಕ್ಕದ ಕುರ್ಚಿಯಲ್ಲಿ ಕುಳಿತು ಫೋನು ಎತ್ತಿದವಳು. "ಅಮ್ಮಿನಬಾವಿಗೂ ಹೇಳೇನ್ರಿ."

ಮುರಿಗೆವ್ವನ ಕೈ ನಿಂತಿತು. "ಅಲ್ಲಿ ನಮ್ಮವರು ಯಾರದಾರ?"

ನಾಲ್ಕು ವರ್ಷದಿಂದ ಶಂಭುಲಿಂಗ ತಿಂಗಳಿಗೊಮ್ಮೆ, ರಜೆಯ ದಿನ, ಅಮ್ಮಿನಬಾವಿಗೆ ಹೋಗುತ್ತಿದ್ದ. ಕೇಳಿದರೆ "ಕೆಲಸ ಐತಿ" ಅನ್ನುತ್ತಿದ್ದ. ಬಂದವನು ಬಚ್ಚಲಮನೆ ಸೇರಿ, ನಳ ತಿರುಗಿಸಿ, ಅರ್ಧ ತಾಸು ಹೊರಗೆ ಬರುತ್ತಿರಲಿಲ್ಲ. ಅಲ್ಲಿ ಇನ್ನೊಬ್ಬಳಿದ್ದಾಳೆಂದು ಮುರಿಗೆವ್ವ ಒಳಗೊಳಗೇ ನಂಬಿದ್ದಳು. ನಿನ್ನೆ ಸಂಜೆಯೂ ನಳ ಹರಿಯುತ್ತಿತ್ತು. ಬಾಗಿಲು ಮುರಿದು ನೋಡಿದಾಗ ಅವನು ನೆಲದ ಮೇಲಿದ್ದ.

"ಏನಿದ್ದರೂ ಹೇಳಿಬಿಡವ್ವಾ," ಎಂದಳು. "ಇನ್ನ ನನಗೇನ ಅಂಜಿಕಿ?"

ವಾಣಿಶ್ರೀ ಅವಳ ಪಕ್ಕ ಕುಳಿತಳು. "ನೀವು ತಿಳಕೊಂಡಂಗಲ್ರೀ ಅಕ್ಕಾರ."

*

ಕೇಂದ್ರಕ್ಕೆ ಹೊಸದಾಗಿ ಬಂದವರಿಗೆಲ್ಲ ಶಂಭುಲಿಂಗ ಒಂದು ಮಾತು ಹೇಳುತ್ತಿದ್ದ. "ಕೆಟ್ಟ ಫೋನ್ ಬಂತಂದ್ರ ಹೆಡ್‌ಫೋನ್ ತಗದಿಡ್ರಿ. ಮೆಟ್ಟಲದ ಮ್ಯಾಲ ಕುಂತು ಅತ್ತು ಬರ್ರಿ. ಅಲ್ಲೀತನಕ ನಿಮ್ಮ ಲೈನ್ ನಾ ನೋಡ್ತೇನಿ." ವಾಣಿಶ್ರೀ ಆ ಮೆಟ್ಟಿಲ ಮೇಲೆ ಎಷ್ಟು ಸಲ ಅತ್ತಿದ್ದಳೋ. ಅವನು ಮಾತ್ರ ಒಮ್ಮೆಯೂ ಎದ್ದು ಹೋದವನಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಮ್ಮಿನಬಾವಿಯ ಹೊಲದ ಮನೆಯಿಂದ ಕರೆ ಬಂತು. ಮುದುಕನ ದನಿ. ಹೆಂಡತಿ ಕುಸಿದು ಬಿದ್ದಿದ್ದಾಳೆ, ಉಸಿರಿಲ್ಲ. ಗಾಡಿ ಹೊರಟಿತು. ದಾರಿಯಲ್ಲಿ ಮೇವಿನ ಟ್ರ್ಯಾಕ್ಟರ್ ಮಗುಚಿ ರಸ್ತೆ ಕಟ್ಟಿತ್ತು. ಊರು ಸುತ್ತಿ ಹೋಗಬೇಕಾಯಿತು.

"ಸ್ಪೀಕರ್ ಹಚ್ಚಿ ಫೋನ್ ನೆಲದ ಮ್ಯಾಲ ಇಡ್ರಿ ಯಜಮಾನ್ರ. ಎರಡೂ ಕೈ ಎದಿ ನಡುವ ಇಟ್ಟು ಒತ್ರಿ. ನಾ ಎಣಸ್ತೇನಿ."

ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಏದುಸಿರು ಕೇಳಿಸಿತು. "ಸಾಹೇಬ್ರ, ಕೈಕಾಲು ತಣ್ಣಗಾಗ್ಯಾವ್ರಿ. ನಿಲ್ಲಸ್ಲ್ಯಾ?"

ಶಂಭುಲಿಂಗನ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡದ್ದನ್ನು ವಾಣಿಶ್ರೀ ಕಂಡಳು. ಗಾಡಿ ಮುಟ್ಟುವವರೆಗೆ ಒತ್ತಿಸಬೇಕು ಎಂಬುದು ನಿಯಮ. "ಬಿಡಬ್ಯಾಡ್ರಿ. ಒಂದು, ಎರಡು..." ಮುದುಕ ಮತ್ತೂ ಮೂರು ಸಲ ಅದನ್ನೇ ಕೇಳಿದ. ಇಪ್ಪತ್ತಾರು ನಿಮಿಷ.

ಗಾಡಿ ಮುಟ್ಟಿ ಲೈನು ಕಡಿದುಹೋಯಿತು. ಮರುಗಳಿಗೆಯೇ ಇನ್ನೊಂದು ಕರೆ. "ಹೇಳ್ರಿ, ಏನಾಗೇತಿ?" ಎಂದ, ಅದೇ ದನಿಯಲ್ಲಿ.

ಪಾಳಿ ಮುಗಿದ ಮೇಲೆ ವಾಣಿಶ್ರೀಯ ಮುಂದೆ ಬಾಯಿಬಿಟ್ಟ. "ಆಕಿ ಹ್ವಾದಳು ಅಂತ ನನಗ ಗೊತ್ತಾಗಿತ್ತು ತಂಗಿ. ಹೇಳೂ ಧೈರ್ಯ ಆಗಲಿಲ್ಲ. ಹೆಂಡತಿ ಹೆಣಾ ಒತ್ತಸಿದೆ ಆ ಮನಷ್ಯಾನ ಕಡಿಂದ."

ಅಂದಿನಿಂದ ಹೆಡ್‌ಫೋನ್ ಹಾಕಿದರೆ ಸಾಕು, ಕರೆ ಬರುವ ಮೊದಲೇ ಮುದುಕನ ಆ ಪ್ರಶ್ನೆ ಕೇಳಿಸುತ್ತಿತ್ತಂತೆ. "ಖಾಲಿ ಲೈನಿನ್ಯಾಗೂ ಐತಿ ನೋಡು ಆ ಧ್ವನಿ," ಅನ್ನುತ್ತಿದ್ದ.

*

"ಹಂಗಾರ ಬಚ್ಚಲದಾಗ ಅಳತಿದ್ದರೇನು," ಎಂದಳು ಮುರಿಗೆವ್ವ. "ನಾ ಬಾಗಲಾ ಬಡದು, ನೀರು ಖಾಲಿ ಮಾಡಬ್ಯಾಡ್ರಿ ಅಂತಿದ್ದೆ."

ಹನ್ನೆರಡರ ಹೊತ್ತಿಗೆ ಆಟೋದಿಂದ ಗಿಡ್ಡ ಮುದುಕನೊಬ್ಬ ಇಳಿದ. "ನಾ ಕುಬೇರಪ್ಪ, ಅಮ್ಮಿನಬಾವ್ಯಾಂವ," ಎಂದ. ಕಿವಿ ಮಂದವಾದ್ದರಿಂದ ದನಿ ದೊಡ್ಡದು. "ತಿಂಗಳಾ ಬರತಿದ್ದರವ್ವಾ. ಕಟ್ಟಿ ಮ್ಯಾಲ ಕುಂತು, ನಾ ನಿಲ್ಲಸ್ರಿ ಅನಬೇಕಾಗಿತ್ತೇನ್ರಿ ಯಜಮಾನ್ರ, ಅಂತ ಕೇಳತಿದ್ದರು. ನಾ ಚಾ ಕೊಡತಿದ್ದೆ. ಜವಾಬು ಕೊಡಲಿಲ್ಲ."

"ಯಾಕ್ರಿ?" ಮುರಿಗೆವ್ವ ಕೇಳಿದಳು.

ಕುಬೇರಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. "ಮೊದಲ ಸಿಟ್ಟಿತ್ತು. ಸಿಟ್ಟು ಹ್ವಾದಮ್ಯಾಲೆ ಅಂಜಿಕಿ ಬಂತು. ಜವಾಬು ಸಿಕ್ಕತಂದ್ರ ಇವರು ಬರೂದು ಬಿಡ್ತಾರ. ಆಕಿ ಮಾತು ತಗಿಯಾವ್ರು ಮತ್ತ್ಯಾರದಾರ ನನಗ?"

"ನಾಕು ವರ್ಷ ರೀ," ಮುರಿಗೆವ್ವನ ದನಿ ಏರಿತು. "ನಾಕು ವರ್ಷ ಅವರು ನೆಟ್ಟಗ ನಿದ್ದಿ ಮಾಡಲಿಲ್ಲ. ನಾನೂ ಮಾಡಲಿಲ್ಲ."

"ಖರೇ ಐತವ್ವಾ," ಎಂದ ಮುದುಕ. "ತಪ್ಪಾತು."

ಅವನು ಕುರ್ಚಿಯ ಹತ್ತಿರ ಹೋಗಿ ಸತ್ತವನ ಕಿವಿಗೆ ಬಾಯಿ ಹಚ್ಚಿದ. ಪಿಸುಗುಡುತ್ತಿದ್ದೇನೆಂದೇ ಅವನು ತಿಳಿದಿದ್ದ. ಮಾತು ಅಂಗಳಕ್ಕೆಲ್ಲ ಕೇಳಿಸಿ ಭಜನೆಯವರು ತಾಳ ನಿಲ್ಲಿಸಿದರು.

"ಸಾಹೇಬ್ರ, ಆಕಿ ಹ್ವಾದದ್ದು ನನಗೂ ಗೊತ್ತಿತ್ರಿ. ನೀವು ನಿಲ್ಲಸ್ರಿ ಅಂದಿದ್ರ ಆ ಹೊಲದಾಗ ಆಕಿ ಮುಂದ ನಾ ಒಬ್ಬಾಂವನ ಕುಂಡರಬೇಕಾಗತಿತ್ತು. ನೀವು ಎಣಸಾಕತ್ತಿದ್ರಿ. ಅಷ್ಟೊತ್ತು ನನ್ನ ಜೋಡಿ ಒಬ್ಬರಿದ್ದರು."

ಮುರಿಗೆವ್ವ ಗಂಡನ ಶಲ್ಯವನ್ನು ಮತ್ತೊಮ್ಮೆ ಸರಿಮಾಡಿದಳು.

ಹೆಣ ಎತ್ತುವಾಗ ಕುಬೇರಪ್ಪನೂ ಹೆಗಲು ಕೊಡಲು ಬಂದ. ಉಳಿದವರೆಲ್ಲ ಎತ್ತರದ ಆಳುಗಳು. ಕುರ್ಚಿಗೆ ಕಟ್ಟಿದ ಬಿದಿರು ಅವನ ಹೆಗಲಿಗೆ ಎಟುಕಲಿಲ್ಲ. "ನೀವು ಹಿಂದ ಬರ್ರಿ ಅಜ್ಜಾರ," ಎಂದ ರಾಜಶೇಖರ. ಅವನಿಗೆ ಅದು ಕೇಳಿಸಲಿಲ್ಲ. ಬೆಂಗೇರಿಯ ಬಿಸಿಲಿನಲ್ಲಿ, ಸ್ಕೂಟರು ಆಟೋಗಳ ನಡುವೆ, ರುದ್ರಭೂಮಿಯವರೆಗೂ ಅವನು ಒಂದು ಕೈ ಮೇಲಕ್ಕೆತ್ತಿ, ಬೆರಳ ತುದಿಯಿಂದಷ್ಟೇ ಬಿದಿರು ಮುಟ್ಟಿಕೊಂಡು, ಹೊತ್ತವರ ಹೆಜ್ಜೆಗೆ ಹೆಜ್ಜೆ ಕೂಡಿಸಲು ಓಡುತ್ತ ಓಡುತ್ತ ನಡೆದ.