ಕುಗ್ಗಿದ್ದು ಪ್ಯಾಂಟಲ್ಲ

ಬಳ್ಳಾರಿಯ ಗಾದೆಪ್ಪ ಜೀನ್ಸ್ ಪ್ಯಾಂಟ್ ಹೊಲಿಯುವ ಟೈಲರ್. ಓಣಿಯವರ ಸೊಂಟದ ಅಳತೆಯೆಲ್ಲ ಅವನಿಗೆ ಬಾಯಿಪಾಠ. ಆದರೆ ಆ ಭಾನುವಾರ ಹೆಂಡತಿಯ ತವರು ಕುರುಗೋಡಿಗೆ ಹೊರಡಲೆಂದು ತನ್ನದೇ ಪ್ಯಾಂಟ್ ಏರಿಸಿದರೆ ಗುಂಡಿ ಕಾಜವನ್ನು ಮುಟ್ಟಲೊಲ್ಲದು. ಉಸಿರು ಒಳಗೆಳೆದ, ಹೊಟ್ಟೆ ಅದುಮಿದ. ನಾಲ್ಕು ಬೆರಳಿನ ಅಂತರ ಉಳಿದೇ ಉಳಿಯಿತು.

ಕೊರೊನಾಕ್ಕೆ ಮುಂಚೆ ತಾನೇ ಅಳೆದು, ತಾನೇ ಹೊಲಿದುಕೊಂಡ ಪ್ಯಾಂಟ್ ಅದು. ಸೊಂಟ ಮೂವತ್ನಾಲ್ಕು. ಆಮೇಲೆ ಮನೆಯಲ್ಲಿ ಲುಂಗಿಯಲ್ಲೇ ಕಾಲ ಕಳೆದವನಿಗೆ ಅದರ ನೆನಪೇ ಇರಲಿಲ್ಲ.

"ಬಟ್ಟಿ ಕುಗ್ಗೈತಿ," ಅಂದ. ಗಿರಾಕಿಗಳು ಜಗಳಕ್ಕೆ ಬಂದಾಗಲೆಲ್ಲ ಅವನು ಹೇಳುತ್ತಿದ್ದ ಮಾತೇ ಅದು.

"ಪೆಟ್ಟಿಗ್ಯಾಗ ಮಡಚಿಟ್ಟ ಬಟ್ಟಿ ಹೆಂಗ ಕುಗ್ಗತೈತಿ?" ಹೆಂಡತಿ ಪಕ್ಕೀರಮ್ಮ ನಕ್ಕಳು. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ!"

ಆ ನಗು ಅವನಿಗೆ ಸರಿಕಾಣಲಿಲ್ಲ. ಅನ್ನ ಕಡಿಮೆ ಮಾಡು, ಮಿರ್ಚಿ ಬಜ್ಜಿ ಬಿಡು ಎಂದು ವಾರದಿಂದ ಬೆನ್ನು ಹತ್ತಿದವಳು ಇವಳೇ. ತನಗೆ ಬುದ್ಧಿ ಕಲಿಸಲು ಕಳ್ಳತನದಿಂದ ಪ್ಯಾಂಟಿನ ಸೊಂಟವನ್ನು ಹೊಲಿದು ಬಿಗಿ ಮಾಡಿರಬೇಕು! ಪ್ಯಾಂಟನ್ನು ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆ ಹೊಲಿಗೆಯನ್ನೂ ತಪಾಸಣೆ ಮಾಡಿದ. ಎಲ್ಲವೂ ಅವನದೇ ಕೈ. ಬೆಲ್ಟಿನ ಪಟ್ಟಿಯ ಬಳಿ ಅವನು ತಪ್ಪದೆ ಹಾಕುವ ಹಳದಿ ದಾರದ ಜೋಡಿ ಹೊಲಿಗೆಯೂ ಹಾಗೇ ಇತ್ತು. ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಓಣಿಯ ಆಶಾ ಕಾರ್ಯಕರ್ತೆ ಭಾಗ್ಯ ಬಂದಳು. ಮೂವತ್ತು ದಾಟಿದವರ ಸೊಂಟ ಅಳೆದು ಬರೆದುಕೊಳ್ಳುವ ಕೆಲಸ ಅವಳದು.

"ನನ್ನ ಸೊಂಟ ನಿಮಗ್ಯಾಕ್ರಿ ಭಾಗ್ಯಮ್ಮ? ಸರ್ಕಾರ ಏನು ಪ್ಯಾಂಟ್ ಹೊಲಿಸಿಕೊಡ್ತೈತೇನು?"

"ಒಂದ್ಸಲ ನಿಂದ್ರಿ ಗಾದೆಪ್ಪಣ್ಣ." ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿ ನೋಡಿದಳು. "ನೂರಾ ಎರಡು ಸೆಂಟಿಮೀಟರ್."

"ನಿಮ್ಮ ಟೇಪ್ ಸುಳ್ಳು ಹೇಳತೈತಿ!" ಗಾದೆಪ್ಪ ಮಿಷನ್ ಮೇಲಿದ್ದ ತನ್ನ ಟೇಪನ್ನು ತಂದ. ಇಪ್ಪತ್ತು ವರ್ಷ ಅವನ ಹೊಟ್ಟೆ ಹೊರೆದ ಟೇಪು ಅದು. ತಾನೇ ಸುತ್ತಿಕೊಂಡ, ಬಗ್ಗಿ ನೋಡಿದ. ನಲವತ್ತು ಇಂಚು. ಟೇಪಿನ ಹಿಂಬದಿ ತಿರುಗಿಸಿದ. ನೂರಾ ಎರಡು ಸೆಂಟಿಮೀಟರ್.

ಟೇಪನ್ನು ಸುರುಳಿ ಸುತ್ತಿ ಮಿಷನ್ ಮೇಲಿಟ್ಟ.

"ಹಂಗಾದ್ರ ಆ ಕೊರೊನಾ ಇಂಜೆಕ್ಷನ್ನಿಂದನೇ ಹಿಂಗಾಗೈತಿ," ಅಂದ, ಕೊನೆಯ ಅನುಮಾನ ಹೊರತೆಗೆದು.

"ಇಂಜೆಕ್ಷನ್ ನಾನೂ ಹಾಕಿಸ್ಕೊಂಡೀನಿ, ಪಕ್ಕೀರಮ್ಮನೂ ಹಾಕಿಸ್ಕೊಂಡಾಳ. ಒಂದು ಕೇಳ್ತೀನಿ ಹೇಳ್ರಿ. ಮೊದ್ಲು ಹೊಲಿಯಾಕ ಎಲ್ಲಿಗೆ ಹೋಗ್ತಿದ್ರಿ?"

"ಜೀನ್ಸ್ ಹೊಲಿಯೋ ಯೂನಿಟ್‌ಗೆ. ಹೋಗಾಕ ಅರ್ಧ ತಾಸು, ಬರಾಕ ಅರ್ಧ ತಾಸು ನಡೀತಿದ್ದೆ. ಲಾಕ್‌ಡೌನ್‌ನಾಗ ಮಿಷನ್ ಮನಿಗೆ ತಂದೆ. ಈಗ ಬಟ್ಟಿ ಬಂಡಲ್ಲೂ ಆಟೋದಾಗ ಬರ್ತೈತಿ."

"ರೊಟ್ಟಿ?"

"ರೊಟ್ಟಿ ಯಾರು ಬಡೀತಾರ ಅಂತ ಮೂರ್ಹೊತ್ತೂ ಅನ್ನ," ಪಕ್ಕೀರಮ್ಮ ನಡುವೆ ಬಾಯಿ ಹಾಕಿದಳು. "ಸಂಜಿಗೆ ಮಂಡಕ್ಕಿ ವಗ್ಗರಣಿ, ಮ್ಯಾಲೆ ನಾಕು ಮಿರ್ಚಿ."

"ಬಯಲಿಗೆ ಬಿಡದೆ, ಕಟ್ಟಿಹಾಕಿ ಮೇಯಿಸಿದ ಹೋತ ಏನಾಗತೈತಿ ಅಣ್ಣ?"

"ಕೊಬ್ಬಿ ಹಬ್ಬಕ್ಕ ಬರ್ತೈತಿ," ಅಂದ ಗಾದೆಪ್ಪ. ಅಂದಮೇಲೆ ತಾನೇನು ಅಂದೆನೆಂದು ಹೊಳೆದು ತನ್ನ ಹೊಟ್ಟೆಯ ಕಡೆ ನೋಡಿಕೊಂಡ.

ಭಾಗ್ಯ ನಗಲಿಲ್ಲ. "ಗಂಡಸರ ಸೊಂಟ ತೊಂಬತ್ತು ದಾಟಬಾರದು, ಹೆಣ್ಣುಮಕ್ಕಳದು ಎಂಬತ್ತು. ದಾಟಿದ್ರ ಶುಗರ್, ಬಿಪಿ ಬರೋ ಸಾಧ್ಯತೆ ಜಾಸ್ತಿ. ಶುಗರ್ ಬಂದು ಅಲಕ್ಷ್ಯ ಮಾಡಿದ್ರ ಕಣ್ಣಿಗೂ ಕುತ್ತು, ಕಾಲಿಗೂ ಕುತ್ತು."

ಕಣ್ಣು ಎಂದೊಡನೆ ಗಾದೆಪ್ಪನಿಗೆ ಅಣ್ಣ ನೆನಪಾದ. ಸಿರುಗುಪ್ಪದಲ್ಲಿರುವ ಅವನ ಅಣ್ಣ ಎರ್ರಿಯೂ ಟೈಲರೇ. ಶುಗರ್ ಇದ್ದರೂ ವರ್ಷಗಟ್ಟಲೆ ಕಡೆಗಣಿಸಿ, ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ ಮಿಷನ್ ಬಿಟ್ಟು ಕುಳಿತಿದ್ದಾನೆ. ಕಣ್ಣು ಹೋದರೆ ತನಗೂ ಅನ್ನವಿಲ್ಲ. ಗಾದೆಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟ. ಶುಗರ್ ಗಡಿಯಲ್ಲಿ ಬಂದು ನಿಂತಿದೆ, ಈಗಲೇ ಎಚ್ಚೆತ್ತರೆ ಹಿಂದಕ್ಕೆ ತರಬಹುದು ಎಂದರು ಡಾಕ್ಟರು. ಅವನಿಗೆ ನಂಬಿಕೆಯಿಲ್ಲ. ಭಾನುವಾರ ತಪ್ಪಿದ ಕುರುಗೋಡಿಗೆ ಆ ವಾರವೇ ಹೋದಾಗ ಅಲ್ಲಿಯೂ ರಕ್ತ ಕೊಟ್ಟ. ಅಲ್ಲಿಯೂ ಅದೇ ಮಾತು.

"ಎರಡೂ ಊರಿನ ರಕ್ತ ನೋಡೋ ಮಿಷನ್ ಮಾತಾಡಿಕೊಂಡಾವೇನು?" ಎಂದಳು ಪಕ್ಕೀರಮ್ಮ.

ಅವತ್ತಿನಿಂದ ಗಾದೆಪ್ಪ ನಡೆಯತೊಡಗಿದ. ಮೊದಮೊದಲು ಹತ್ತು ನಿಮಿಷ ನಡೆದರೆ ಏದುಸಿರು. ಹದಿನೈದು ದಿನಕ್ಕೆ ಯೂನಿಟ್‌ವರೆಗೂ ನಡೆದೇ ಹೋಗಿ, ಬಂಡಲ್ ಹೊತ್ತು ತರುವಂತಾದ; ಮನೆಗೆ ಆಟೋ ಬರುವುದು ನಿಂತಿತು. ಹೊಲಿಯುವಾಗ ಬಾಬಿನ್ ದಾರ ಮುಗಿದಾಗೆಲ್ಲ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದ. ಪಕ್ಕೀರಮ್ಮ ರೊಟ್ಟಿ ಬಡಿದಳು, ಅವನು ಪುಂಡಿಪಲ್ಯದ ಸೊಪ್ಪು ಬಿಡಿಸಿಕೊಟ್ಟ. ತಟ್ಟೆಯಲ್ಲಿ ಅನ್ನ ಇಳಿದು ಪಲ್ಯ, ಬೇಳೆ, ಹಸಿ ಸೌತೆಕಾಯಿ ಏರಿದವು. ಮಿರ್ಚಿ ವಾರಕ್ಕೊಮ್ಮೆ, ಅದೂ ಒಂದೇ. ಆ ಒಂದನ್ನು ಅವನು ಎಷ್ಟು ಹೊತ್ತು ತಿನ್ನುತ್ತಿದ್ದ ಅಂತೀರಿ!

ಐದು ತಿಂಗಳು ಕಳೆಯಿತು. ಶುಗರ್ ಗಡಿಯಿಂದ ಹಿಂದೆ ಸರಿದಿದೆ ಎಂದು ಡಾಕ್ಟರು ಹೇಳಿದ ದಿನ ಗಾದೆಪ್ಪ ಅದೇ ಪ್ಯಾಂಟ್ ಏರಿಸಿದ. ಉಸಿರು ಬಿಗಿಹಿಡಿದು ಎಳೆದ. ಗುಂಡಿ ಕಾಜದೊಳಗೆ ಕೂತಿತು. ಅವನು ಮತ್ತೆ ಹುಬ್ಬು ಗಂಟಿಕ್ಕಿದ.

"ಲೇ ಪಕ್ಕೀರಿ, ಈ ಬಟ್ಟಿ ಹಿಗ್ಗೈತೇನು?"

ಅವಳು ಟೇಪು ತಂದು ಅವನ ಕೈಗಿಟ್ಟಳು. ಅಳೆದ. ನೂರಾ ಎರಡಿದ್ದದ್ದು ತೊಂಬತ್ತಮೂರು. ಇನ್ನೂ ಮೂರು ಬಾಕಿ. ಸಂಜೆಯ ಬಸ್ಸಿಗೆ ಅದೇ ಟೇಪನ್ನು ಜೇಬಿನಲ್ಲಿಟ್ಟುಕೊಂಡು, ಅಣ್ಣನ ಗತಿ ಬರಬಾರದೆಂದು ಅವನ ದೊಡ್ಡ ಮಕ್ಕಳ ಸೊಂಟ ಅಳೆಯಲು ಸಿರುಗುಪ್ಪಕ್ಕೆ ಹೊರಟ.

ಅಣ್ಣಗಳಿರಾ, ಅಕ್ಕಗಳಿರಾ, ಕೊರೊನಾ ನಮ್ಮನ್ನು ಕೂರಿಸಿ ಹೋಯಿತು, ಏಳಬೇಕಾದವರು ನಾವೇ. ಇವತ್ತೇ ಹೊಕ್ಕುಳ ಮಟ್ಟಕ್ಕೆ ಟೇಪು ಹಿಡಿದು ನೋಡಿ. ಮೂವತ್ತು ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ನೋಡಿಸಿಕೊಳ್ಳಿ. ಹತ್ತು ನಿಮಿಷದಿಂದ ಶುರುಮಾಡಿ ದಿನಕ್ಕೆ ಅರ್ಧ ತಾಸು ನಡೆಯಿರಿ. ನಡೆಯುವಾಗ ಎದೆ ನೋವು ಬಂದರೆ, ವಿಪರೀತ ದಮ್ಮು ಹತ್ತಿದರೆ ನಿಂತು ಡಾಕ್ಟರನ್ನು ಕಾಣಿರಿ. ಅನುಮಾನ ಪಡುವುದೇ ಆದರೆ ಬಟ್ಟೆಯ ಮೇಲೆ ಬೇಡ, ತಟ್ಟೆಯ ಮೇಲೆ ಪಡಿ.